ಅಕ್ಕ ಆದ್ಯಾ, ತಮ್ಮನಿಗೆ ಯಾವ ಹೆಸರು?

ಪ್ರಶ್ನೆ: ನಮ್ಮ ಮಗಳ ಹೆಸರು ಆದ್ಯಾ, ಈಗ ನಾಲ್ಕು ವರ್ಷ. ಎರಡು ತಿಂಗಳ ಹಿಂದೆ ಗಂಡು ಮಗು ಹುಟ್ಟಿದೆ. ಮುಂದಿನ ತಿಂಗಳು ತೊಟ್ಟಿಲ ಶಾಸ್ತ್ರ. ಅಕ್ಕ-ತಮ್ಮನ ಹೆಸರು ಒಂದೇ ಅಕ್ಷರದಿಂದ ಶುರುವಾಗಬೇಕು ಎಂದು ನಮ್ಮ ಅತ್ತೆಯವರ ಹಟ. ಆರ್ಯ, ಆರವ್, ಆದಿತ್ಯ ಎಂದು ಪಟ್ಟಿ ಕೊಟ್ಟಿದ್ದಾರೆ. ನನ್ನ ಗಂಡನಿಗೆ ತೀರಿಹೋದ ತಂದೆಯ ಹೆಸರು ಉಳಿಯಬೇಕು ಅಂತ ಆಸೆ. ಅವರ ಹೆಸರು ಕೇಶವಮೂರ್ತಿ. ಪುರೋಹಿತರು ‘ಆರ್ದ್ರಾ ನಕ್ಷತ್ರ, ಮೂರನೇ ಪಾದ, ಅಕ್ಷರ ಙ’ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಙ ಇಟ್ಟುಕೊಂಡು ಏನು ಹೆಸರಿಡೋದು? ಇಬ್ಬರನ್ನೂ ಒಟ್ಟಿಗೆ ಕರೆದಾಗ ಕೇಳೋಕೆ ಚೆನ್ನಾಗಿರಬೇಕು, ನನ್ನ ಆಸೆ ಅಷ್ಟೇ. ದಾರಿ ಹೇಳಿ.
– ದಾವಣಗೆರೆಯಿಂದ ಒಬ್ಬ ತಾಯಿ

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ಕೇಶವ’ ಎಂದು ಇಡಿ. ‘ಮೂರ್ತಿ’ ಬೇಡ. ಒಂದೇ ಅಕ್ಷರವೂ ಬೇಡ. ಮನೆಯಲ್ಲಿ ಕರೆಯುವ ಹೆಸರನ್ನು ಆರಿಸುವ ಕೆಲಸ ಅತ್ತೆಯವರಿಗೆ ಬಿಡಿ. ಪುರೋಹಿತರ ಚೀಟಿಗೂ ಇದರಿಂದ ತೊಂದರೆ ಇಲ್ಲ, ಅದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಒಂದೇ ಅಕ್ಷರ ಯಾಕೆ ಬೇಡ ಅನ್ನುವುದನ್ನು ಮೊದಲು ನೋಡೋಣ. ನಿಮ್ಮ ಹಾಗೆ ಕೇಳುವವರು ಬಹಳ ಜನ ಇದ್ದಾರೆ.

ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಮಿಕ್ಸಿ ಓಡುತ್ತಿದೆ, ಮಕ್ಕಳು ಮಹಡಿ ಮೇಲಿದ್ದಾರೆ ಅಂದುಕೊಳ್ಳಿ. ನೀವು ಊಟಕ್ಕೆ ಕೂಗುತ್ತೀರಿ. ದೂರದಲ್ಲಿರುವವರನ್ನು ಕೂಗುವಾಗ ನಾವೆಲ್ಲ ಹೆಸರಿನ ಸ್ವರವನ್ನು ಎಳೆಯುತ್ತೇವೆ. ಎಳೆದ ಸ್ವರ ಮಹಡಿ ತನಕ ಹೋಗುತ್ತದೆ, ವ್ಯಂಜನ ಮೆಟ್ಟಿಲ ಹತ್ತಿರವೇ ಉದುರಿಹೋಗುತ್ತದೆ. ‘ಆ…ದ್ಯಾ…’ ಎಂದರೂ ‘ಆ…ರ್ಯಾ…’ ಎಂದರೂ ಮೇಲೆ ಕೇಳುವುದು ‘ಆ…ಯಾ…’ ಮಾತ್ರ. ಎರಡು ಹೆಸರಿಗೂ ನಡುವೆ ಇರುವ ವ್ಯತ್ಯಾಸ ಒಂದು ದಕಾರ, ಒಂದು ರಕಾರ. ಇಬ್ಬರೂ ಓಡಿ ಬರುತ್ತಾರೆ, ಇಲ್ಲವೇ ‘ಅವಳನ್ನ ಕರೆದಿದ್ದು’ ಅಂತ ಇಬ್ಬರೂ ಕೂತೇ ಇರುತ್ತಾರೆ. ತನ್ವಿ-ಜಾನ್ವಿ, ರಿಯಾ-ದಿಯಾ, ಆರವ್-ಆರುಷ್ ಜೋಡಿಗಳಿಗೂ ಇದೇ ಗತಿ.

ಕೇಳುವವರಿಗೆ ಇಷ್ಟಾದರೆ, ಕರೆಯುವವರ ಪಾಡು ಬೇರೆ. ಒಬ್ಬ ಮಗುವನ್ನು ಕರೆಯಲು ಹೋಗಿ ಇನ್ನೊಂದರ ಹೆಸರು ಬಾಯಿಗೆ ಬರುವುದು ಎಲ್ಲರ ಮನೆಯಲ್ಲೂ ಇದೆ. 2013ರಲ್ಲಿ ‘ಪ್ಲಾಸ್ ಒನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಬಂತು. ಒಡಹುಟ್ಟಿದವರ ಹೆಸರಿನ ಮೊದಲ ಧ್ವನಿ ಅಥವಾ ಕೊನೆಯ ಧ್ವನಿ ಒಂದೇ ಆಗಿದ್ದರೆ ತಂದೆ ತಾಯಿ ಹೆಸರು ಅದಲು ಬದಲು ಮಾಡುವುದು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಅಂದರೆ ಅದು ನಿಮ್ಮ ಮರೆವಲ್ಲ, ಹೆಸರಿನ ದೋಷ.

‘ನಮ್ಮ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇಡ್ತಿದ್ದರಲ್ಲ’ ಎಂದು ಅತ್ತೆಯವರು ಕೇಳಬಹುದು. ಅವರ ಮಾತು ನಿಜ. ವನಜಾ, ಜಲಜಾ, ಗಿರಿಜಾ, ಶೈಲಜಾ ಎಂದು ನಾಲ್ವರು ಅಕ್ಕತಂಗಿಯರು. ರಮೇಶ, ಸುರೇಶ, ಮಹೇಶ, ದಿನೇಶ ಎಂದು ನಾಲ್ವರು ಅಣ್ಣತಮ್ಮಂದಿರು. ಕಮಲಾ, ವಿಮಲಾ, ನಿರ್ಮಲಾ. ಇಂಥ ಮನೆಗಳು ಊರಿಗೆ ಹತ್ತು ಸಿಗುತ್ತಿದ್ದವು. ಆದರೆ ಆ ಮನೆಗಳಲ್ಲಿ ಆ ಹೆಸರನ್ನು ಕೂಗುತ್ತಿದ್ದವರು ಯಾರು ಹೇಳಿ? ಮೇಷ್ಟ್ರು ಹಾಜರಿ ಪುಸ್ತಕ ಹಿಡಿದಾಗ ಮಾತ್ರ. ಮನೆಯಲ್ಲಿ ಒಬ್ಬ ಗುಂಡ, ಒಬ್ಬ ಪುಟ್ಟ, ಒಬ್ಬಳು ಚಿನ್ನಿ, ಒಬ್ಬಳು ಪಾಪಚ್ಚಿ. ಶ್ರೀನಿವಾಸ ಸೀನ ಆಗುತ್ತಿದ್ದ, ನಾರಾಯಣ ನಾಣಿ, ಕೃಷ್ಣ ಕಿಟ್ಟಿ, ಪದ್ಮಾವತಿ ಪದ್ದಿ. ಇಟ್ಟ ಹೆಸರು ಪ್ರಾಸಬದ್ಧ, ಕರೆಯುವ ಹೆಸರು ಬೇರೆ ಬೇರೆ. ಹಾಗಾಗಿ ಯಾರಿಗೂ ಗೊಂದಲ ಆಗುತ್ತಿರಲಿಲ್ಲ.

ಈಗ ಇಡುವ ಹೆಸರೇ ಎರಡು ಅಕ್ಷರ. ಮುದ್ದಿಗೆ ಅದರ ಮೊದಲ ಅಕ್ಷರವನ್ನೇ ಹಿಡಿದು ಕರೆಯುತ್ತೇವೆ. ನಿಮ್ಮ ಆದ್ಯಾಳನ್ನು ‘ಆದು’ ಅಂತಲೋ ‘ಆದಿ’ ಅಂತಲೋ ಈಗಾಗಲೇ ಯಾರೋ ಕರೆಯುತ್ತಿರಬೇಕು. ನಾಳೆ ತಮ್ಮ ಆದಿತ್ಯ ಆದರೆ ಅವನೂ ಆದಿ. ಎರಡನೇ ಮಗು ಬಂದ ಮೇಲೆ ಮೊದಲನೆಯವಳ ಮುದ್ದಿನ ಹೆಸರನ್ನು ಕಿತ್ತು ಅವನಿಗೆ ಕೊಟ್ಟ ಹಾಗೆ ಆಗುತ್ತದೆ. ನಾಲ್ಕು ವರ್ಷದ ಮಗು ಇದನ್ನು ಸುಮ್ಮನೆ ಬಿಡುವುದಿಲ್ಲ.

ಹಾಗಾದರೆ ಅಕ್ಕ-ತಮ್ಮನ ಹೆಸರು ಒಂದಕ್ಕೊಂದು ಹೊಂದುವುದು ಎಂದರೇನು? ನನ್ನ ಮಟ್ಟಿಗೆ ಹೇಳುವುದಾದರೆ, ಎರಡೂ ಒಂದೇ ಮನೆಯಲ್ಲಿ, ಒಂದೇ ಅಭಿರುಚಿಯ ಜನ ಇಟ್ಟ ಹೆಸರು ಅನ್ನಿಸಬೇಕು. ಕಿವಿಗೆ ಮಾತ್ರ ಬೇರೆಬೇರೆಯಾಗಿ ಕೇಳಬೇಕು.

ಇದಕ್ಕೆ ಕುವೆಂಪು ಅವರ ಮನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರ ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ನಾಲ್ಕರಲ್ಲಿ ಯಾವ ಎರಡು ಹೆಸರೂ ಒಂದೇ ಅಕ್ಷರದಿಂದ ಶುರುವಾಗುವುದಿಲ್ಲ, ಪ್ರಾಸವೂ ಇಲ್ಲ. ಆದರೂ ನಾಲ್ಕನ್ನೂ ಒಟ್ಟಿಗೆ ಓದಿದರೆ ಒಬ್ಬನೇ ಕವಿ ಇಟ್ಟದ್ದು ಎಂದು ತಕ್ಷಣ ತಿಳಿಯುತ್ತದೆ. ಅಣ್ಣನಲ್ಲಿ ಹುಣ್ಣಿಮೆ ಚಂದ್ರ, ತಂಗಿಯಲ್ಲಿ ಚಂದ್ರನ ಕಲೆ. ಇನ್ನೊಬ್ಬರಲ್ಲಿ ಚೈತ್ರಮಾಸ ಮತ್ತು ಕೋಗಿಲೆ. ಮೈಸೂರಿನ ಮನೆಗೆ ಇಟ್ಟ ಹೆಸರು ಉದಯರವಿ. ಮನೆಯನ್ನೂ ಬಿಡಲಿಲ್ಲ ನೋಡಿ!

ಶಿವರಾಮ ಕಾರಂತರದು ಇನ್ನೊಂದು ರೀತಿ. ಒಬ್ಬ ಮಗ ಹರ್ಷ, ಇನ್ನೊಬ್ಬರು ಹುಲಿ ವಿಜ್ಞಾನಿ ಎಂದು ಹೆಸರಾದ ಉಲ್ಲಾಸ. ಎರಡರ ಅರ್ಥವೂ ಸಂತೋಷವೇ. ಆದರೆ ಹ ಎಲ್ಲಿ, ಉ ಎಲ್ಲಿ! ಜೋಡಿ ಇರುವುದು ಅರ್ಥದಲ್ಲಿ, ಕಿವಿಗೆ ಗೊಂದಲವೇ ಇಲ್ಲ. ನನಗೆ ಬಹಳ ಇಷ್ಟವಾದ ಜೋಡಿ ಇದು.

ಪುರಾಣವನ್ನೇ ತೆಗೆದುಕೊಂಡರೂ ಅಷ್ಟೇ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ. ಧರ್ಮರಾಯ, ಭೀಮ, ಅರ್ಜುನ, ನಕುಲ, ಸಹದೇವ. ಒಂದಕ್ಕೊಂದು ತಾಳೆ ಇಲ್ಲ. ಒಂದೇ ಅಕ್ಷರ ಹಿಡಿದು ಹೆಸರಿಟ್ಟ ಮನೆ ಯಾವುದು ಗೊತ್ತಾ? ದುರ್ಯೋಧನ, ದುಶ್ಶಾಸನ, ದುರ್ಮುಖ, ತಂಗಿ ದುಶ್ಶಲೆ. ಅತ್ತೆಯವರ ಮುಂದೆ ಇದನ್ನು ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಈಗ ನಿಮ್ಮ ಚೀಟಿಗೆ ಬರೋಣ. ನಕ್ಷತ್ರ 27, ಪ್ರತಿ ನಕ್ಷತ್ರಕ್ಕೆ 4 ಪಾದ, ಒಟ್ಟು 108 ಪಾದ. ಪಂಚಾಂಗದಲ್ಲಿ ಪಾದಕ್ಕೊಂದು ಅಕ್ಷರ ಇರುತ್ತದೆ. ಆರ್ದ್ರೆಯ ನಾಲ್ಕು ಪಾದಕ್ಕೆ ಕು, ಘ, ಙ, ಛ. ಙ ಬಂದವರು ನೀವೊಬ್ಬರೇ ಅಲ್ಲ. ಮೂರನೇ ಪಾದದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಅದೇ. ಉತ್ತರಾಭಾದ್ರದ ನಾಲ್ಕನೇ ಪಾದದವರಿಗೆ ಞ ಬರುತ್ತದೆ, ಹಸ್ತದ ಮೂರನೇ ಪಾದದವರಿಗೆ ಣ. ಈ ಅಕ್ಷರಗಳಿಂದ ಶುರುವಾಗುವ ಹೆಸರೇ ಇಲ್ಲ. ಹಾಗಾಗಿ ಬಹಳ ಕಡೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ತೆಗೆದುಕೊಳ್ಳುತ್ತಾರೆ. ಇಲ್ಲವೇ ಅದೇ ರಾಶಿಯ ಅಕ್ಷರ. ಆರ್ದ್ರಾ ಬರುವುದು ಮಿಥುನ ರಾಶಿಯಲ್ಲಿ. ಮಿಥುನಕ್ಕೆ ಮೃಗಶಿರದ ಕೊನೆಯ ಎರಡು ಪಾದ (ಕ, ಕಿ), ಆರ್ದ್ರೆಯ ನಾಲ್ಕು, ಪುನರ್ವಸುವಿನ ಮೊದಲ ಮೂರು ಪಾದ (ಕೆ, ಕೋ, ಹ) ಸೇರುತ್ತವೆ.

‘ಕೆ’ ಅದರಲ್ಲೇ ಇದೆ. ನಿಮ್ಮ ಮಾವನವರ ಹೆಸರು ಚೀಟಿಯ ಪಕ್ಕದಲ್ಲೇ ಕೂತಿತ್ತು, ಯಾರೂ ಗಮನಿಸಿರಲಿಲ್ಲ. ಪುರೋಹಿತರನ್ನು ಒಂದು ಮಾತು ಕೇಳಿ. ಅವರು ಪಾದದ ಅಕ್ಷರವೇ ಆಗಬೇಕು ಅಂದರೂ ಚಿಂತೆ ಬೇಡ. ನಕ್ಷತ್ರನಾಮ ಒಂದನ್ನು ಶಾಸ್ತ್ರಕ್ಕೆ ಇಟ್ಟು, ವ್ಯವಹಾರಕ್ಕೆ ಬೇರೆ ಹೆಸರು ಇಡುವುದು ಹಿಂದಿನಿಂದ ಬಂದ ರೂಢಿ.

ಇನ್ನು ‘ಆದ್ಯಾ–ಕೇಶವ’ ಎಂಬ ಜೋಡಿಯನ್ನು ಹತ್ತಿರದಿಂದ ನೋಡಿ. ಒಂದು ಎರಡಕ್ಷರ, ಇನ್ನೊಂದು ಮೂರು. ಕೂಗಿದರೆ ‘ಆ…ಯಾ’ ಮತ್ತು ‘ಕೇ…ವಾ’. ಮೊದಲ ಸ್ವರವೇ ಬೇರೆ, ಮಿಕ್ಸಿ ಓಡುತ್ತಿದ್ದರೂ ಗೊತ್ತಾಗುತ್ತದೆ. ಕೇಶವಮೂರ್ತಿ ಎಂದೇ ಇಟ್ಟರೆ ಐದಕ್ಷರ ಆಗುತ್ತದೆ. ಆಗ ಅಕ್ಕ ಈ ಕಾಲದವಳು, ತಮ್ಮ ಅಜ್ಜನ ಕಾಲದವನು ಅನ್ನಿಸುತ್ತದೆ. ತಾತನ ಹೆಸರು ಉಳಿಸಲು ಇಡೀ ಹೆಸರು ಬೇಕಾಗಿಲ್ಲ. ‘ಮೂರ್ತಿ’ ಅನ್ನುವುದು ಸಾವಿರ ಹೆಸರಿಗೆ ಅಂಟುವ ಬಾಲ, ಅವರ ಹೆಸರಿನ ತಿರುಳು ಕೇಶವ. ಇದನ್ನು ಗಂಡನಿಗೆ ಹೇಳಿ.

ಅತ್ತೆಯವರಿಗೆ ಹೇಳಲು ಇನ್ನೊಂದು ಮಾತಿದೆ. ಆದ್ಯಾ ಎಂದರೆ ಮೊದಲನೆಯವಳು. ಸಂಧ್ಯಾವಂದನೆಯಲ್ಲಿ, ಪೂಜೆಯಲ್ಲಿ ಹೇಳುವ 24 ನಾಮಗಳು ಎಲ್ಲಿಂದ ಶುರುವಾಗುತ್ತವೆ? ಕೇಶವ, ನಾರಾಯಣ, ಮಾಧವ. ಮೊದಲನೆಯದೇ ಕೇಶವ. ಆಚಮನದ ಮೊದಲ ನೀರು ಅವನ ಹೆಸರಿಗೆ. ಅಕ್ಷರ ಹೊಂದದಿದ್ದರೆ ಹೋಗಲಿ, ಅರ್ಥ ಹೊಂದುತ್ತದಲ್ಲ. ಜೊತೆಗೆ ಇದು ನಮ್ಮ ನಾಡಿನಲ್ಲಿ ಚೆನ್ನಾಗಿ ಬೇರು ಬಿಟ್ಟ ಹೆಸರು. 1117ರಲ್ಲಿ ಬೇಲೂರಿನಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ ಚೆನ್ನಕೇಶವನದು, 1258ರ ಸೋಮನಾಥಪುರದ್ದೂ ಕೇಶವನದೇ.

ಈಗ ಸ್ವಲ್ಪ ಸೂಕ್ಷ್ಮದ ವಿಷಯ. ಅತ್ತೆಯವರ ‘ಆ’ ಹಟದ ಹಿಂದೆ ಬೇರೆ ಏನಾದರೂ ಇದೆಯಾ ಎಂದು ನೋಡಿದ್ದೀರಾ? ಹಳೆಯ ತಲೆಮಾರಿನ ಎಷ್ಟೋ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರೇ ಅಲ್ಲ. ಸೊಸೆಯರು ಮಾವನ ಹೆಸರು ಹೇಳುತ್ತಿರಲಿಲ್ಲ. ಮೊಮ್ಮಗನಿಗೆ ಆ ಹೆಸರು ಬಂದರೆ ಅವರಿಗೆ ನಿಜವಾದ ಕಷ್ಟ ಇದೆ. ‘ಏ ಕೇಶವ, ಚಡ್ಡಿ ಹಾಕ್ಕೊಳೋ’ ಎಂದು ಹೇಗೆ ಕೂಗುವುದು? ಹಟ ಮಾಡಿದರೆ ಆ ಹೆಸರು ಹಿಡಿದು ಹೇಗೆ ಬೈಯುವುದು? ತಾತನ ಹೆಸರಿಟ್ಟ ಮಕ್ಕಳನ್ನು ಅಜ್ಜಿಯರು ‘ಅಪ್ಪಾಜಿ’, ‘ಪುಟ್ಟಪ್ಪ’, ‘ಸಾಹುಕಾರ’ ಎಂದು ಕರೆಯುತ್ತಿದ್ದದ್ದು ಬರೀ ಮುದ್ದಿಗಲ್ಲ. ನಿಮ್ಮ ಮನೆಯಲ್ಲಿ ಹೀಗೇ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಮ್ಮೆ ಇಬ್ಬರೇ ಇದ್ದಾಗ, ಗಂಡ ಇಲ್ಲದಿರುವಾಗ, ಮೆಲ್ಲಗೆ ಕೇಳಿ ನೋಡಿ. ಆಮೇಲೆ ‘ಕಾಗದದಲ್ಲಿ ಮಾವನ ಹೆಸರು ಇರಲಿ, ಮನೆಯಲ್ಲಿ ಏನು ಕರೀಬೇಕು ಅಂತ ನೀವೇ ಹೇಳಿ ಅತ್ತೆ’ ಅನ್ನಿ. ಇದು ಬರೀ ಸಮಾಧಾನದ ಮಾತಲ್ಲ. ಮೊದಲ ಐದಾರು ವರ್ಷ ಆ ಮಗುವಿನ ಕಿವಿಗೆ ಬೀಳುವುದು ಅವರು ಇಟ್ಟ ಹೆಸರೇ.

ಕೇಶವ ಯಾರಿಗೂ ಒಪ್ಪಿಗೆ ಆಗದಿದ್ದರೆ, ಅದೇ ರಾಶಿಯ ಅಕ್ಷರಗಳಲ್ಲಿ ಇನ್ನೂ ಕೆಲವು ಇವೆ. ಕೇದಾರ ಚೆನ್ನಾಗಿದೆ, ಗಟ್ಟಿಯಾಗಿದೆ, ಆದ್ಯಾ ಪಕ್ಕ ಒಪ್ಪುತ್ತದೆ. ಕಿರಣ ಸುಲಭ, ಆದರೆ ಹೆಣ್ಣುಮಕ್ಕಳಿಗೂ ಇಡುತ್ತಾರೆ. ಕಾರ್ತಿಕ ಯಾವ ಕಾಲಕ್ಕೂ ನಡೆಯುವ ಹೆಸರು. ಹರ್ಷ ಕೂಡ ಒಳ್ಳೆಯದು, ಹಳೇ ಮೈಸೂರು ಕಡೆಯ ನೆಂಟರು ಜಾಸ್ತಿ ಇದ್ದರೆ ‘ಅರ್ಸ’ ಆಗುವುದಕ್ಕೆ ಸಿದ್ಧರಾಗಿರಿ. ಕುಶ ಬೇಡ. ‘ಲವ ಎಲ್ಲಿ?’ ಎಂದು ಅವನ ಮದುವೆ ತನಕ ಜನ ಕೇಳುತ್ತಾರೆ.

ಲವ-ಕುಶ ಅಂದಾಗ ನೆನಪಾಯಿತು. ಇಬ್ಬರಿಗೇ ಮುಗಿದುಹೋಗುವ ಜೋಡಿಯನ್ನು ಮೊದಲ ಮಗುವಿಗೇ ಇಡಬೇಡಿ ಎಂದು ಬೇರೆ ಓದುಗರಿಗೆ ಹೇಳುತ್ತೇನೆ. ಮೊದಲನೆಯವನು ರಾಮ ಆದರೆ ಎರಡನೆಯದು ಲಕ್ಷ್ಮಣನೇ ಆಗಬೇಕು, ಹುಟ್ಟುವುದು ಹೆಣ್ಣಾದರೆ? ಒಂದೇ ಬಗೆಯ ಹೆಸರು ಬೇಕು ಎನ್ನುವವರು ಎಷ್ಟು ಮಕ್ಕಳಿಗೂ ಸಾಲುವ ಗುಂಪು ಹಿಡಿಯಲಿ. ನದಿಗಳಿವೆ: ಕಾವೇರಿ, ತುಂಗಾ, ಗಂಗಾ, ಸಿಂಧು. ರಾಗಗಳಿವೆ: ಕಲ್ಯಾಣಿ, ರಂಜನಿ, ಹಂಸಧ್ವನಿ, ಗಂಡಾದರೆ ಮೋಹನ, ವಸಂತ. ಮಾಸಗಳಿವೆ: ಚೈತ್ರಾ, ಕಾರ್ತಿಕ, ಶ್ರಾವಣಿ. ನಕ್ಷತ್ರದ ಹೆಸರು ಮಾತ್ರ ಸ್ವಲ್ಪ ಯೋಚಿಸಿ ಇಡಿ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ‘ಹೆಸರು ರೋಹಿಣಿ, ನಕ್ಷತ್ರ ಸ್ವಾತಿ. ತಂಗಿ ಹೆಸರು ಸ್ವಾತಿ, ನಕ್ಷತ್ರ ರೇವತಿ’ ಎಂದರೆ ಅರ್ಚಕರು ಕೈಯಲ್ಲಿ ಹೂ ಹಿಡಿದು ನಿಮ್ಮ ಮುಖ ನೋಡುತ್ತಾರೆ.

ಅರ್ಥದಲ್ಲೂ ಒಂದು ಎಚ್ಚರ ಬೇಕು. ಮೊದಲ ಮಗನಿಗೆ ‘ಅದ್ವಿತೀಯ’ ಎಂದಿಟ್ಟ ಮನೆಯಲ್ಲಿ ಎರಡನೆಯವನು ಹುಟ್ಟಿದರೆ ಅವನು ಯಾರು? ಒಬ್ಬ ಸಾಮ್ರಾಟ, ಇನ್ನೊಬ್ಬ ಚಿಂಟು ಎಂದೂ ಆಗಬಾರದು. ಹಿಂದೆ ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದ ಮನೆಗಳಲ್ಲಿ ಕೊನೆಯವಳಿಗೆ ಸಾಕಮ್ಮ ಎಂದು ಇಡುತ್ತಿದ್ದರು. ಅಕ್ಕಂದಿರು ಲಕ್ಷ್ಮಿ, ಸರಸ್ವತಿ, ಗೌರಿ, ಇವಳೊಬ್ಬಳು ಸಾಕು! ಮನೆಯವರ ಬೇಸರವನ್ನು ಆ ಹುಡುಗಿ ಜೀವನಪೂರ್ತಿ ಹೊತ್ತು ತಿರುಗಬೇಕಿತ್ತು.

ಅವಳಿಗಳಿದ್ದರೆ ಪ್ರಾಸದ ಆಸೆ ಇನ್ನೂ ಜಾಸ್ತಿ. ಮುಸ್ಲಿಂ ಮನೆಗಳಲ್ಲಿ ಅವಳಿ ಗಂಡುಮಕ್ಕಳಿಗೆ ಹಸನ್, ಹುಸೇನ್ ಎಂದಿಡುವುದು ಹಳೆಯ ರೂಢಿ, ಅದಕ್ಕೆ ಅದರದೇ ಗೌರವ ಇದೆ. ಆದರೆ ಸುಮ್ಮನೆ ಚಂದಕ್ಕೆ ಅಕ್ಷಯ್-ಅಕ್ಷಿತ್ ಎಂದಿಡುವವರು ಒಂದು ವಿಷಯ ಯೋಚಿಸಲಿ. ಅವಳಿಗಳಿಗೆ ಹುಟ್ಟಿದ ದಿನ ಒಂದೇ, ತಂದೆ ತಾಯಿ ಹೆಸರು ಒಂದೇ, ವಿಳಾಸ ಒಂದೇ. ಕಾಗದದಲ್ಲಿ ಅವರನ್ನು ಬೇರೆ ಮಾಡುವುದು ಹೆಸರು ಮಾತ್ರ. ಅದೂ ಹತ್ತಿರ ಹತ್ತಿರ ಇದ್ದರೆ ಗುಮಾಸ್ತರ ಕಣ್ಣಿಗೆ ಒಂದೇ ಅರ್ಜಿ ಎರಡು ಸಲ ಬಂದಂತೆ ಕಾಣುತ್ತದೆ.

ಕಾಗದದ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ತೊಟ್ಟಿಲ ಶಾಸ್ತ್ರ ಹತ್ತಿರ ಬಂತು ಅಂತ ಗಡಿಬಿಡಿ ಮಾಡಬೇಡಿ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೂ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಹೆಸರು ಸೇರಿಸುವುದು ಸುಲಭ, ಸೇರಿಸಿದ ಮೇಲೆ ಬದಲಾಯಿಸುವುದು ತಲೆನೋವು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಪಾಸ್‌ಪೋರ್ಟಿಗೆ, ವೋಟರ್ ಲಿಸ್ಟಿಗೆ ಹುಟ್ಟಿದ ದಿನ, ಊರಿನ ಪುರಾವೆಯಾಗಿ ಈ ಜನನ ಪ್ರಮಾಣಪತ್ರವೇ ಬೇಕು. ಹಾಗಾಗಿ ಅದರಲ್ಲಿ ಬರೆಸಿದ್ದೇ ಕೊನೆಯ ತನಕ.

ನಮ್ಮ ಕಡೆ ಒಡಹುಟ್ಟಿದವರ ಹೆಸರು ನಿಜವಾಗಿ ಹೊಂದದೆ ಪೇಚಾಟ ಆಗುವುದು ಇಲ್ಲೇ. ಒಬ್ಬಳ ಹೆಸರಿನ ಮುಂದೆ ಊರಿನ ಇನಿಷಿಯಲ್, ಒಬ್ಬನ ಹೆಸರಿನ ಹಿಂದೆ ಅಪ್ಪನ ಇನಿಷಿಯಲ್. ಒಬ್ಬಳಿಗೆ ಮನೆತನದ ಹೆಸರು, ಇನ್ನೊಬ್ಬನಿಗೆ ಏನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಒಡಹುಟ್ಟಿದವರೇ ಎರಡು ಬೇರೆ ಮನೆಯವರ ಹಾಗೆ ಕಾಣುತ್ತಾರೆ. ಆದ್ಯಾಳ ಪ್ರಮಾಣಪತ್ರ ತೆಗೆದು ನೋಡಿ. ಅವಳ ಹೆಸರಿನ ಹಿಂದೆ ಏನಿದೆಯೋ ಅದನ್ನೇ, ಅದೇ ಕ್ರಮದಲ್ಲಿ, ಅದೇ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ತಮ್ಮನಿಗೂ ಬರೆಸಿ. ಅವಳದು ಬರೀ ಇನಿಷಿಯಲ್ ಆಗಿದ್ದರೆ ಇವನಿಗೆ ಬರೆಸುವ ಮೊದಲೇ ನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಸಂಖ್ಯಾಶಾಸ್ತ್ರ ಎಂದು ಯಾರಾದರೂ ಒಂದು ‘ಎ’ ಜಾಸ್ತಿ ಸೇರಿಸಲು ಹೇಳಿದರೆ ನಮಸ್ಕಾರ ಮಾಡಿ ಕಳಿಸಿ. ಕೇಶವ ಎಂದು ಇಂಗ್ಲಿಷಿನಲ್ಲಿ ಬರೆಸುವಾಗ ಕೊನೆಯ ‘ಎ’ ಬಿಡಬೇಡಿ. ಬಿಟ್ಟರೆ ಶಾಲೆಯಲ್ಲಿ ಅವನು ಕೇಶವ್ ಆಗುತ್ತಾನೆ.

ಅತ್ತೆಯವರು ಮನೆಗೆ ಯಾವ ಹೆಸರು ಆರಿಸಿದರೂ ಒಪ್ಪಿಕೊಳ್ಳಿ. ‘ಆದಿ’ ಒಂದನ್ನು ಬಿಟ್ಟು.